ಹಾಡಿಗೆ ಇರುವ ಕಾವಲು ಹೆಣ್ಣಿಗಿಲ್ಲ

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನಗಳಿರುವಾಗ, ಹಾಸನದಲ್ಲಿ ಹೆಣ್ಣುಮಕ್ಕಳ ಅಶ್ಲೀಲ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ದಾಟಿದವು. ಹಂಚಿದವರು ಅವರ ಮುಖವನ್ನೂ ಮರೆಮಾಡಲಿಲ್ಲ. ಕೆಲವು ಕುಟುಂಬಗಳು ಊರನ್ನೇ ಬಿಟ್ಟವೆಂದು ಪತ್ರಿಕೆಗಳು ಬರೆದವು. ಆಮೇಲೆ ದಾಖಲಾದ ಒಂದು ಅತ್ಯಾಚಾರ ಪ್ರಕರಣದಲ್ಲಿ, ಹಾಸನದ ಆಗಿನ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಸರಿ, ‘ಲಿಂಕ್ ಇದ್ರೆ ಕಳ್ಸಿ ಗುರು’ ಎಂದು ಗ್ರೂಪುಗಳಲ್ಲಿ ಅಂಗಲಾಚಿದವರಿಗೆ, ಕೇಳಿದ ಕೂಡಲೇ ಕಳಿಸಿದವರಿಗೆ ಏನಾಯಿತು? ಇಂಥ ವಿಡಿಯೊ ಹಂಚಿದರೆ ಐಟಿ ಕಾಯ್ದೆಯ 67ಎ ಕಲಮಿನಡಿ ಐದು ವರ್ಷದವರೆಗೆ ಜೈಲುಂಟು. ಹಂಚಬೇಡಿ ಎಂದು ವಿಶೇಷ ತನಿಖಾ ತಂಡವೂ (ಎಸ್‌ಐಟಿ) ಎಚ್ಚರಿಸಿತ್ತು. ಹಂಚುವವರು ಹಂಚುತ್ತಲೇ ಇದ್ದರು.

ಜಾಲತಾಣ ಕಂಪನಿಗಳನ್ನು ಕೇಳಿದರೆ ‘ದೂರು ಕೊಡಿ, ತೆಗೆಯುತ್ತೇವೆ’ ಎನ್ನುತ್ತವೆ. 2021ರ ಐಟಿ ನಿಯಮಗಳು ಇದಕ್ಕೆ 24 ಗಂಟೆಗಳ ಗಡುವನ್ನೂ ಹಾಕಿದ್ದವು. ತೆಗೆಯುವುದೇನೋ ನಿಜ, ಆದರೆ ತೆಗೆಯುವುದು ಆ ಒಂದು ಲಿಂಕನ್ನು ಮಾತ್ರ. ಅದೇ ವಿಡಿಯೊ ಸಂಜೆಗೆ ಬೇರೆ ಖಾತೆಯಲ್ಲಿ, ಬೇರೆ ಹೆಸರಿನಲ್ಲಿ ಹಾಜರು. ಮತ್ತೆ ಹುಡುಕಬೇಕಾದವಳು, ಮತ್ತೆ ನೋಡಬೇಕಾದವಳು, ಮತ್ತೆ ಅರ್ಜಿ ತುಂಬಬೇಕಾದವಳು ವಿಡಿಯೊದಲ್ಲಿರುವ ಆಕೆಯೇ. 2025ರಲ್ಲಿ ಮಹಿಳಾ ವಕೀಲರೊಬ್ಬರ ಖಾಸಗಿ ವಿಡಿಯೊಗಳನ್ನು 48 ಗಂಟೆಗಳೊಳಗೆ ತೆಗೆಸುವಂತೆ ಮದ್ರಾಸ್ ಹೈಕೋರ್ಟ್ ಕೇಂದ್ರಕ್ಕೆ ಹೇಳಬೇಕಾಯಿತು. ಅಷ್ಟಾದರೂ ಅವು ಮತ್ತೆ ಮತ್ತೆ ತಲೆ ಎತ್ತಿದವು. ಕಾನೂನು ಬಲ್ಲವರ ಪಾಡೇ ಹೀಗಾದರೆ ಹಳ್ಳಿಯ ಹೆಂಗಸು ಯಾವ ಬಾಗಿಲು ತಟ್ಟಬೇಕು?

ಮರುಪ್ರತಿಗಳನ್ನು ತಡೆಯುವ ತಂತ್ರಜ್ಞಾನ ಇಲ್ಲ ಎಂಬುದು ಶುದ್ಧ ನೆಪ. ಸಿನಿಮಾ ಹಾಡೊಂದನ್ನು ಯೂಟ್ಯೂಬ್‌ಗೆ ಏರಿಸಿ ನೋಡಿ, ಆಡಿಯೊ ಕಂಪನಿಯ ಹಕ್ಕು ಗಳಿಗೆಯಲ್ಲಿ ಎದ್ದು ನಿಲ್ಲುತ್ತದೆ. ಆ ವ್ಯವಸ್ಥೆ 2007ರಿಂದಲೇ ಇದೆ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳ ಡಿಜಿಟಲ್ ಬೆರಳಚ್ಚು ಹಿಡಿದು ಮರುಪ್ರತಿಗಳನ್ನು ಪತ್ತೆ ಮಾಡುವ ಫೋಟೊಡಿಎನ್ಎ 2009ರಲ್ಲೇ ಬಂತು. ಕತ್ತರಿಸಿ, ತಿರುಚಿ ಇದನ್ನೆಲ್ಲ ವಂಚಿಸುವವರಿದ್ದಾರೆ, ಒಪ್ಪೋಣ. ವಾಟ್ಸ್ಆ್ಯಪ್‌ನ ಗೂಢಲಿಪಿಯೊಳಗೆ ಕಂಪನಿಯೂ ಇಣುಕಲಾರದು. ಅದನ್ನು ಒಡೆಯಿರಿ ಎಂದು ನಾನು ಹೇಳುವುದಿಲ್ಲ. ಒಡೆದ ಬಾಗಿಲಿನಿಂದ ಮೊದಲು ಒಳನುಗ್ಗುವುದು ಸರ್ಕಾರವೇ. ಆದರೆ ಎಲ್ಲರಿಗೂ ಕಾಣುವ ಜಾಲತಾಣಗಳಿಗೆ ಈ ನೆಪವೂ ಇಲ್ಲ. ಹಾಡಿನಲ್ಲಿ ಹಣವಿದೆ, ಅದಕ್ಕೇ ಕಾವಲಿದೆ.

ಹಾಗಾಗಿ ಗಡುವನ್ನು ಇಳಿಸುವುದರಿಂದ ಆಗುವುದು ಅಷ್ಟಕ್ಕಷ್ಟೇ. ಆಕೆ ಒಮ್ಮೆ ದೂರು ಕೊಟ್ಟರೆ ಸಾಕು, ವಿಡಿಯೊದ ಬೆರಳಚ್ಚು ಎಲ್ಲ ಕಂಪನಿಗಳಿಗೂ ತಲುಪಬೇಕು. ಅದೇ ಪ್ರತಿ ಮತ್ತೆ ಕಾಣಿಸಿದರೆ ದಂಡ ಕಂಪನಿಗೆ ಬೀಳಬೇಕು, ಕಳಿಸಿದವನು ಠಾಣೆಯ ಮೆಟ್ಟಿಲು ಹತ್ತಬೇಕು.