ಇಳಿದ ಕೊಲೆಸ್ಟರಾಲ್ ಮತ್ತು ಜಠರದ ವ್ಯಾಧಿ

ಎಸ್.ಎಸ್. ಬಡಾವಣೆಯಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಟ ಹಿರಿಯರ ಮಾತು ಈಗೀಗ ಮಳೆ-ಬೆಳೆಗಿಂತ ಹೆಚ್ಚಾಗಿ ಕೊಲೆಸ್ಟರಾಲಿನ ಸುತ್ತಲೇ ಸುತ್ತುತ್ತದೆ. ಬೆಣ್ಣೆ ದೋಸೆಯ ಊರಿನವರಿಗೆ ಈ ಭಯ ಸಹಜವೇ ಸರಿ. ಡೆಸಿಲೀಟರ್ ರಕ್ತದಲ್ಲಿ ಅದು 200 ಮಿಲಿಗ್ರಾಂಗಿಂತ ಕೆಳಗಿರುವುದು ಲೇಸೆಂಬುದನ್ನು ಮನೆಮಂದಿಯೆಲ್ಲ ಬಲ್ಲರು. ಆದರೆ ತಾನಾಗಿಯೇ ಇಳಿದುದರ ಅರ್ಥವನ್ನು ವಿಚಾರಿಸುವವರು ವಿರಳ.

ಮನೆಯ ಯಜಮಾನರ ಕೊಲೆಸ್ಟರಾಲ್ ಔಷಧವಿಲ್ಲದೆ, ಪಥ್ಯವಿಲ್ಲದೆ ವರ್ಷದೊಳಗೆ 220ರಿಂದ 130ಕ್ಕೆ ಇಳಿಯಿತೆನ್ನಿ. ಮನೆಯಲ್ಲಿ ಸಂತೋಷ. ಅಂಗಿ ಸಡಿಲವಾದುದನ್ನೂ, ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿತೆಂದು ಅವರು ಏಳುವುದನ್ನೂ ಮಿತಾಹಾರದ ಫಲವೆಂದೇ ಎಣಿಸುತ್ತಾರೆ. ಇಲ್ಲಿಯೇ ಎಚ್ಚರ ಬೇಕು.

ಜಠರದ ಕ್ಯಾನ್ಸರ್ ಪೀಡಿತರ ರಕ್ತವನ್ನು ಪರೀಕ್ಷಿಸಿದ ಅನೇಕ ಅಧ್ಯಯನಗಳಲ್ಲಿ ಒಟ್ಟು ಕೊಲೆಸ್ಟರಾಲ್ ಹಾಗೂ ಒಳ್ಳೆಯದೆಂದು ಕರೆಯಲಾಗುವ ಎಚ್.ಡಿ.ಎಲ್. ಅಂಶಗಳು ಆರೋಗ್ಯವಂತರಿಗಿಂತ ಕಡಿಮೆ ಕಂಡುಬಂದಿವೆ. ಕಾರಣ ಒಂದೇ ಅಲ್ಲ. ಊಟ ಸೇರದು, ದೇಹದೊಳಗಿನ ಉರಿಯೂತವು ಯಕೃತ್ತಿನ ಕೆಲಸವನ್ನು ಏರುಪೇರು ಮಾಡುತ್ತದೆ. ಮೇಲಾಗಿ, ಬೆಳೆಯುವ ಗಡ್ಡೆಯ ಕೋಶಗಳಿಗೆ ಹೊಸ ಪೊರೆ ಕಟ್ಟಲು ಕೊಲೆಸ್ಟರಾಲೇ ಸಾಮಗ್ರಿ. ಕೋಶಗಳು ರಕ್ತದಿಂದ ಎಲ್.ಡಿ.ಎಲ್. ಕಣಗಳನ್ನು ಯಾವ ಬಾಗಿಲಿನಿಂದ ಒಳಗೆಳೆದುಕೊಳ್ಳುತ್ತವೆಂಬುದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ನಾವು ಪಾಠಶಾಲೆಯಲ್ಲಿ ಓದಿದ ಸಪ್ತಧಾತುಗಳಲ್ಲಿ ಮೇದಸ್ಸೂ ಒಂದು. ಅದರ ಅತಿಯಂತೆ ಕ್ಷಯವನ್ನೂ ನಮ್ಮ ವೈದ್ಯರು ದೋಷವೆಂದೇ ಗಣಿಸಿದ್ದರು.

ಹಾಗಾದರೆ ಕೊಬ್ಬು ಕಡಿಮೆಯಾದರೆ ಕ್ಯಾನ್ಸರ್ ಬರುವುದೇ? ಈ ಶಂಕೆ ಒಂದು ಕಾಲಕ್ಕೆ ವಿದ್ವಾಂಸರನ್ನೂ ಕಾಡಿತ್ತು. ರಕ್ತ ಪರೀಕ್ಷಿಸಿದ ಮೊದಲ ಕೆಲವು ವರ್ಷಗಳಲ್ಲಿ ಕಾಣಿಸಿಕೊಂಡ ಕ್ಯಾನ್ಸರುಗಳಲ್ಲಿಯೇ ಈ ನಂಟು ಬಲವಾಗಿದ್ದುದರಿಂದ, ಬಹುಮಟ್ಟಿಗೆ ಅಡಗಿದ್ದ ರೋಗವೇ ಕೊಬ್ಬನ್ನು ಇಳಿಸಿತ್ತೆಂದು ತಿಳಿಯಲಾಯಿತು. ಆದುದರಿಂದ ಹೃದ್ರೋಗಕ್ಕೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಯಾರೂ ಹೆದರಿ ನಿಲ್ಲಿಸಬಾರದು. ಮಾತ್ರೆಯಿಂದ ಇಳಿಯುವುದು ಬೇರೆ, ಕಾರಣವಿಲ್ಲದೆ ಇಳಿಯುವುದು ಬೇರೆ.

ಇನ್ನೊಂದು ಮಾತು. ಕೊಬ್ಬಿನ ಲೆಕ್ಕದಿಂದ ಜಠರದ ಕ್ಯಾನ್ಸರನ್ನು ನಿರ್ಣಯಿಸಲಾಗದು. ಉಪವಾಸ, ಥೈರಾಯ್ಡ್ ದೋಷ, ಯಕೃತ್ತಿನ ಕಾಯಿಲೆ ಇವೂ ಅದನ್ನು ತಗ್ಗಿಸುತ್ತವೆ. ನಿಶ್ಚಯಕ್ಕೆ ಎಂಡೋಸ್ಕೋಪಿ ಮಾಡಿ, ಚೂರು ಅಂಗಾಂಶ ತೆಗೆದು ಪರೀಕ್ಷಿಸಲೇಬೇಕು. ಈ ವ್ಯಾಧಿಯ ಮುಖ್ಯ ಮೂಲ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣು. 1994ರಲ್ಲಿ ಅದನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿತು. ತಂಬಾಕು ಮತ್ತು ಅತಿಯಾದ ಉಪ್ಪು ಅದಕ್ಕೆ ಜೊತೆಗಾರರು. ಊಟಕ್ಕೆ ಮೂರು ಬಗೆಯ ಉಪ್ಪಿನಕಾಯಿ ಬಡಿಸುವ ನಮ್ಮ ಅತಿಥಿಸತ್ಕಾರದ ಮೇಲೆ ನಮಗೆ ಮುನಿಸಿಲ್ಲ, ಒಂದು ಬಗೆ ಸಾಕೆನಿಸುತ್ತದೆ.

ತೂಕ ತಾನಾಗಿ ಇಳಿಯುವುದು, ಬೇಗನೆ ಹೊಟ್ಟೆ ತುಂಬುವುದು, ಅನ್ನ ನುಂಗಲು ಕಷ್ಟ, ಪದೇ ಪದೇ ವಾಂತಿ, ಕಪ್ಪು ಮಲ, ರಕ್ತಹೀನತೆ ಇವುಗಳಲ್ಲೊಂದು ಕಂಡರೂ ಗ್ಯಾಸಿನ ಮಾತ್ರೆ ನುಂಗುತ್ತ ತಿಂಗಳು ಕಳೆಯಬಾರದು. 1965ರಿಂದ ವೈದ್ಯಕೀಯ ಕಾಲೇಜನ್ನು ಹೊಂದಿರುವ ಊರು ನಮ್ಮದು. ಹರಿಹರದವರಿಗೂ ಅದು ದೂರವಲ್ಲ. ಹೋಗುವಾಗ ಹಿಂದಿನ ಎರಡು-ಮೂರು ವರ್ಷಗಳ ರಕ್ತಪರೀಕ್ಷೆಯ ಚೀಟಿಗಳನ್ನೂ ಕೈಯಲ್ಲಿ ಹಿಡಿದು ಹೋಗಿ, ಅಂಕಿ ಯಾವಾಗಿನಿಂದ ಇಳಿಯತೊಡಗಿತೆಂದು ವೈದ್ಯರಿಗೆ ತೋರಿಸಿರಿ.