ಅಮ್ಮನಿಗೆ ಸ್ಟೀಮ್ ಮಾಪ್ ಯಾಕೆ?

ಊರಲ್ಲಿರೋ ಅಮ್ಮನಿಗೆ ಸ್ಟೀಮ್ ಮಾಪ್ ಕಳಿಸ್ತೀನಿ ಅನ್ನೋ ಸಾಫ್ಟ್‌ವೇರ್ ಮಿತ್ರರೇ, ಸ್ವಲ್ಪ ತಡೀರಿ. ಮೊದಲು ನೆಲ ನೋಡಿ ಸ್ವಾಮಿ!

ನಮ್ಮ ನಂಜನಗೂಡು, ಟಿ. ನರಸೀಪುರದ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಮೇಣದ ಪಾಲಿಶ್ ಹಾಕಿದ್ರೆ, ಬಿಸಿ ಹಬೆಗೆ ಅದು ಕರಗಿ ನೆಲ ಮಂಕಾಗುತ್ತೆ. ಬಿರುಕಿದ್ರಂತೂ ತೇವ ಒಳಗಿಳಿಯುತ್ತೆ. ವಿಟ್ರಿಫೈಡ್ ಟೈಲ್ಸ್ ಆದ್ರೆ ತೊಂದರೆ ಇಲ್ಲ, ಆದ್ರೆ ಬೋರ್‌ವೆಲ್‌ನ ಗಡಸು ನೀರು ತುಂಬಿದ್ರೆ ಒಳಗೆ ಸುಣ್ಣ ಕಟ್ಟುತ್ತೆ. ಇಷ್ಟಾದ್ಮೇಲೂ ಅದು ಕಸ ಗುಡಿಸಲ್ಲ!

2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಮನೆಗಳಿಗೆ ನುಗ್ಗಿತ್ತಲ್ಲ, ಅಂಥ ಕೆಸರು ತೆಗೆಯೋಕೆ ಬೇಕಾದ್ದು ಪೊರಕೆ, ಬಕೆಟ್ಟು, ಬಗ್ಗೋ ಸೊಂಟ. ಹಬೆ ಅಲ್ಲ.

ಅಮ್ಮನ ಮಂಡಿನೋವಿನ ಚಿಂತೆ ನಿಜವಾಗ್ಲೂ ಇದ್ರೆ ಉದ್ದ ಕೋಲಿನ ಮಾಪ್ ಕೊಡಿಸಿ. ಊರಿಗೆ ಹೋದಾಗ ಅದನ್ನ ನೀವೇ ಹಿಡೀರಿ. ಯಂತ್ರ ಕಳಿಸಿದ ಮಾತ್ರಕ್ಕೆ ಒರೆಸೋ ಕೈ ಬದಲಾಗಲ್ಲ. ಏನಂತೀರಾ?