ಎಲ್ಲರ ಕಾಲೇಜು, ನಮ್ಮ ಮಕ್ಕಳ ಬೋನಸ್ ಅಂಕ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಕನ್ನಡಿಗರ ಮನೆಗೆ ಮಾರ್ಚ್ ತಿಂಗಳ ನಂತರ ಊಟಕ್ಕೆ ಹೋದರೆ ಒಂದು ಪ್ರಶ್ನೆ ಸಾರಿಗಿಂತ ಮೊದಲೇ ಎಲೆಗೆ ಬೀಳುತ್ತದೆ: "ಈ ಸಮ್ಮರ್‌ನಲ್ಲಿ ಕಾಲೇಜಲ್ಲಿ ಏನು ತಗೊಳ್ತಿದ್ದಾಳೆ?" ಕಾಲೇಜು ಎಂದರೆ ಕಮ್ಯುನಿಟಿ ಕಾಲೇಜು. ಕ್ಯುಪರ್ಟಿನೋದ ಡಿ ಆಂಜಾ, ಫ್ರೀಮಾಂಟಿನ ಓಲೋನಿ, ಸಾಂಟಾ ಕ್ಲಾರಾದ ಮಿಷನ್. ಊರಿನಲ್ಲಿ ಒಳ್ಳೆಯ ಟ್ಯೂಷನ್ ಮೇಷ್ಟ್ರ ಹೆಸರು ಹೇಳುವ ಧಾಟಿಯಲ್ಲೇ ಈ ಹೆಸರುಗಳು ಓಡಾಡುತ್ತವೆ. ಹದಿನೈದರ ಹುಡುಗಿ ಆರು ವಾರದಲ್ಲಿ ಅರ್ಥಶಾಸ್ತ್ರ ಮುಗಿಸುತ್ತಾಳೆ, ಮುಂದಿನ ಬೇಸಿಗೆಯಲ್ಲಿ ಮನಃಶಾಸ್ತ್ರ. ಏನು ಓದಿದೆ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಮೂರೇ: ಟ್ರಾನ್ಸ್‌ಫರ್ ಆಗುತ್ತಾ, ಯಾವ ಪ್ರೊಫೆಸರ್ ಸುಲಭ, ಎ ಬರುತ್ತಾ.

ಈ ಮಾತುಕತೆಯನ್ನು ಮಕ್ಕಳ ಪ್ರತಿಭೆಯ ಕತೆ ಎಂದು ಹೇಳಿಕೊಳ್ಳುವುದನ್ನು ನಾವು ನಿಲ್ಲಿಸಬೇಕು. ಇಲ್ಲಿ ನಡೆಯುತ್ತಿರುವುದು ಬೇರೆ. ಬಾಗಿಲು ಮುಚ್ಚಿಸಿಕೊಂಡವರಿಗಾಗಿ ಸಾರ್ವಜನಿಕ ದುಡ್ಡಿನಲ್ಲಿ ಕಟ್ಟಿದ ಒಂದು ವ್ಯವಸ್ಥೆಯನ್ನು, ಎಲ್ಲ ಬಾಗಿಲೂ ತೆರೆದೇ ಇರುವವರು ತಮ್ಮ ಮಕ್ಕಳ ಅಂಕ ಏರಿಸಿಕೊಳ್ಳಲು ಬಳಸುತ್ತಿದ್ದಾರೆ.

ವ್ಯವಸ್ಥೆ ಹೊಸದೇನಲ್ಲ. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಪಾಠ ಕಲಿತು ಎರಡೂ ಕಡೆ ಕ್ರೆಡಿಟ್ ಪಡೆಯುವುದಕ್ಕೆ ಅಮೆರಿಕದಲ್ಲಿ ಡ್ಯುಯಲ್ ಎನ್‌ರೋಲ್‌ಮೆಂಟ್ ಎನ್ನುತ್ತಾರೆ. ಮಿನೆಸೋಟಾ 1985ರಲ್ಲಿ ಇದನ್ನು ಇಡೀ ರಾಜ್ಯಕ್ಕೆ ಕಾನೂನಾಗಿ ತಂದಿತು. ವಾಷಿಂಗ್ಟನ್ ರಾಜ್ಯದ 'ರನ್ನಿಂಗ್ ಸ್ಟಾರ್ಟ್' 1990ರದು. ಈಗ ದೇಶದಾದ್ಯಂತ ವರ್ಷಕ್ಕೆ 25 ಲಕ್ಷಕ್ಕೂ ಹೆಚ್ಚು ಹೈಸ್ಕೂಲು ಮಕ್ಕಳು ಇಂಥ ಒಂದಾದರೂ ಪಾಠ ತೆಗೆದುಕೊಳ್ಳುತ್ತಾರೆ. ಕಮ್ಯುನಿಟಿ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಇನ್ನೂ ಹೈಸ್ಕೂಲಿನವರು. ಕ್ಯಾಲಿಫೋರ್ನಿಯಾದಲ್ಲಿ ಯೂನಿಟ್ಟಿಗೆ 46 ಡಾಲರ್ ಶುಲ್ಕ. ಹೈಸ್ಕೂಲು ಮಕ್ಕಳಿಗೆ ಸಾಮಾನ್ಯವಾಗಿ ಅದೂ ಮಾಫಿ.

ಇದು ಯಾಕೆ ನನ್ನನ್ನು ಕೆರಳಿಸುತ್ತದೆ ಎಂದು ಹೇಳಲು 1960ಕ್ಕೆ ಹೋಗಬೇಕು. ಆ ವರ್ಷ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣದ ಮಾಸ್ಟರ್ ಪ್ಲಾನ್ ಮಾಡಿತು. ಅದರ ಹಿಂದಿನ ದೊಡ್ಡ ಹೆಸರು ಕ್ಲಾರ್ಕ್ ಕರ್. ಲೆಕ್ಕ ಸರಳ. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಅಂದರೆ ಬರ್ಕ್ಲಿ, ಲಾಸ್ ಏಂಜಲೀಸ್ ಮುಂತಾದ ಯುಸಿಗಳಿಗೆ. ಮೇಲಿನ ಮೂರನೇ ಒಂದು ಭಾಗ ಸ್ಟೇಟ್ ಯೂನಿವರ್ಸಿಟಿಗಳಿಗೆ. ಉಳಿದವರಿಗೆಲ್ಲ, ಕಲಿಯಲು ಬರುವ ಯಾರಿಗೇ ಆಗಲಿ, ಕಮ್ಯುನಿಟಿ ಕಾಲೇಜು. ಇದು ಶ್ರೇಣೀಕರಣವೇ, ಅದರಲ್ಲಿ ಅನುಮಾನವಿಲ್ಲ. ಶ್ರೇಣಿಗಳ ಜೊತೆ ಹುಟ್ಟಿ ಬೆಳೆದ ನಮಗೆ ಅದು ಬೇಗ ಕಾಣುತ್ತದೆ ಕೂಡ. ಆದರೆ ಕೆಳಗಿನ ಮೆಟ್ಟಿಲಿಗೆ ಅದು ಒಂದು ಘನತೆ ಕೊಟ್ಟಿತ್ತು. ಅಲ್ಲಿ ಯಾರನ್ನೂ ಸೋಸುವುದಿಲ್ಲ. ಹಗಲು ಅಂಗಡಿಯಲ್ಲಿ ನಿಂತು ರಾತ್ರಿ ನರ್ಸಿಂಗ್‌ಗೆ ಬೇಕಾದ ಅನಾಟಮಿ ಓದುವವಳು, ನಲವತ್ತರಲ್ಲಿ ಇಂಗ್ಲಿಷ್ ಕಲಿಯುವ ವಲಸಿಗ, ಒಮ್ಮೆ ಓದು ಬಿಟ್ಟು ಮತ್ತೆ ಬಂದವನು, ಇವರೆಲ್ಲ ಆ ಕಾಲೇಜಿನ ಮನೆಯವರು. ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ.

ಈಗಿನ ವಿಪರ್ಯಾಸ ನೋಡಿ. ಮೇಲಿನ ಎಂಟನೇ ಒಂದು ಭಾಗದೊಳಗೆ ಆಗಲೇ ಇರುವ ಮಕ್ಕಳು, ಆ ಭಾಗದೊಳಗೆ ಇನ್ನೂ ಮೇಲೇರಲು, ಉಳಿದವರಿಗಾಗಿ ಇಟ್ಟಿದ್ದ ಮೆಟ್ಟಿಲನ್ನು ಕಿತ್ತುಕೊಂಡು ಏಣಿಗೆ ಜೋಡಿಸುತ್ತಿದ್ದಾರೆ. ಇದನ್ನು ಮಾಡಿಸುತ್ತಿರುವುದು ಯುಸಿಯ ನಿಯಮಗಳೇ. ಯುಸಿಗೆ ಟ್ರಾನ್ಸ್‌ಫರ್ ಆಗಬಲ್ಲ ಕಾಲೇಜು ಪಾಠದಲ್ಲಿ ಎ ಬಂದರೆ ಗ್ರೇಡ್ ಸರಾಸರಿಯಲ್ಲಿ ಅದಕ್ಕೆ ನಾಲ್ಕರ ಬದಲು ಐದು. ಕಾಲೇಜಿನ ಒಂದು ಸೆಮಿಸ್ಟರ್ ಪಾಠ ಹೈಸ್ಕೂಲಿನ ಒಂದು ಇಡೀ ವರ್ಷದ ಪಾಠಕ್ಕೆ ಸಮ. ಬೋನಸ್ ಅಂಕಕ್ಕೆ ಎಂಟು ಸೆಮಿಸ್ಟರುಗಳ ಮಿತಿ ಇದೆ, ನಿಜ. ಆದರೆ ಎಸ್‌ಎಟಿ ಅಂಕಗಳನ್ನು ಪ್ರವೇಶಕ್ಕೆ ನೋಡುವುದನ್ನು ಯುಸಿ ನಿಲ್ಲಿಸಿದ ಮೇಲೆ ಪೈಪೋಟಿಯೆಲ್ಲ ಗ್ರೇಡು ಮತ್ತು ಪಾಠಗಳ ಪಟ್ಟಿಯ ಮೇಲೆ ಬಂದು ಕೂತಿದೆ. ಇಡೀ ವರ್ಷ ಕಷ್ಟದ ಮೇಷ್ಟ್ರ ಕೈಯಲ್ಲಿ ಬಿ ತೆಗೆದುಕೊಳ್ಳುವುದಕ್ಕಿಂತ ಬೇಸಿಗೆಯ ಆರು ವಾರ ಆನ್‌ಲೈನಿನಲ್ಲಿ ಎ ತೆಗೆದುಕೊಳ್ಳುವುದು ಜಾಣತನ ಎಂದು ಹದಿನಾಲ್ಕರ ಮಕ್ಕಳಿಗೂ ಗೊತ್ತು. ಅವರನ್ನು ನಾನು ದೂರುವುದಿಲ್ಲ. ಲೆಕ್ಕ ಹಾಕಿಕೊಟ್ಟವರು ದೊಡ್ಡವರು.

(ನಡುವೆ ಒಂದು ತಮಾಷೆ. ವಿದ್ಯಾರ್ಥಿ ಕಾಲೇಜಿಗೆ ಸೇರಿದ ಕೂಡಲೇ, ವಯಸ್ಸು ಎಷ್ಟೇ ಇರಲಿ, ಕಾಲೇಜಿನ ದಾಖಲೆಗಳ ಹಕ್ಕು ಫೆಡರಲ್ ಕಾನೂನಿನ ಪ್ರಕಾರ ವಿದ್ಯಾರ್ಥಿಯದೇ. ಪ್ರೊಫೆಸರಿಗೆ ಫೋನ್ ಮಾಡಿ "ನನ್ನ ಮಗನಿಗೆ ಎಷ್ಟು ಬಂತು" ಎಂದು ಕೇಳುವ ಹಾಗಿಲ್ಲ. ಇದನ್ನು ಮೊದಲ ಸಲ ಕೇಳಿದ ನಮ್ಮ ಅಪ್ಪಂದಿರ ಮುಖ ನೋಡಬೇಕು.)

ಹಾಗಾದರೆ ಈ ಯೋಜನೆಯೇ ಬೇಡವೇ? ಖಂಡಿತ ಬೇಕು. ದಕ್ಷಿಣಕ್ಕೆ ನಾಲ್ಕು ಗಂಟೆ ಕಾರು ಓಡಿಸಿದರೆ ಕರ್ನ್ ಕೌಂಟಿ ಸಿಗುತ್ತದೆ. ದ್ರಾಕ್ಷಿ, ಬಾದಾಮಿ, ಎಣ್ಣೆಬಾವಿಗಳ ನಾಡು. 1965ರ ದ್ರಾಕ್ಷಿ ತೋಟದ ಮುಷ್ಕರ ಶುರುವಾದ ಡೆಲಾನೋ ಇರುವುದು ಅಲ್ಲೇ. ಆ ಸುತ್ತಲಿನ ಊರುಗಳ ಹೈಸ್ಕೂಲುಗಳಲ್ಲಿ ಬೇಕರ್ಸ್‌ಫೀಲ್ಡ್ ಕಾಲೇಜು ತನ್ನ ಪಾಠಗಳನ್ನು ನಡೆಸುತ್ತದೆ. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದ, ಹತ್ತಿರದ ಕ್ಯಾಂಪಸ್ಸಿಗೆ ಹೋಗಲು ಕಾರಿಲ್ಲದ ಮಗುವಿಗೆ ಕಾಲೇಜೇ ಶಾಲೆಗೆ ನಡೆದು ಬರುವುದೆಂದರೆ ಏನೆಂಬುದನ್ನು, ಹಳ್ಳಿಯಿಂದ ಪಿಯುಸಿಗೆ ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಹೋಗಿ ಓದಿದವರಿಗೆ ವಿವರಿಸಬೇಕಿಲ್ಲ. ಶಾಲೆಯೊಳಗೇ ಕಾಲೇಜು ಕಲಿಸುವ 'ಅರ್ಲಿ ಕಾಲೇಜ್' ಶಾಲೆಗಳ ಬಗ್ಗೆ ಲಾಟರಿ ಆಧಾರಿತ ಅಧ್ಯಯನ ನಡೆದಿದೆ. ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ನೋಡಿದಾಗ, ಸಿಕ್ಕವರು ಕಾಲೇಜು ಸೇರುವುದೂ ಪದವಿ ಪಡೆಯುವುದೂ ಹೆಚ್ಚು. ಅಂದರೆ ಮದ್ದು ಕೆಲಸ ಮಾಡುತ್ತದೆ, ರೋಗ ಇದ್ದಲ್ಲಿ.

ಕಾನೂನು ಮಾಡಿದವರಿಗೂ ಇದು ಗೊತ್ತಿತ್ತು. ಶಾಲೆ ಮತ್ತು ಕಾಲೇಜುಗಳ ಒಪ್ಪಂದಗಳಿಗೆ ಅವಕಾಶ ಕೊಟ್ಟ 2015ರ ಎಬಿ 288 ಎಂಬ ಕಾಯ್ದೆ ತನ್ನ ಉದ್ದೇಶವನ್ನು ಬಾಯಿಬಿಟ್ಟೇ ಹೇಳುತ್ತದೆ: ಕಾಲೇಜಿಗೆ ಹೋಗುವುದು ಖಚಿತವಿಲ್ಲದವರಿಗೆ, ಉನ್ನತ ಶಿಕ್ಷಣದಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಸಮುದಾಯಗಳಿಗೆ. ಆದರೆ ಆ ಒಪ್ಪಂದಗಳ ಹೊರಗೆ ಹಳೆಯ ದಾರಿ ಹಾಗೇ ಇದೆ. ಶಾಲೆಯ ಒಂದು ಸಹಿ, ಅಪ್ಪ ಅಮ್ಮನ ಒಂದು ಸಹಿ, ಒಂದು ಅರ್ಜಿ. ಯಾವ ಫಾರಂ ಎಂದು ತಿಳಿದ ಅಪ್ಪ, ನೋಂದಣಿ ತೆರೆಯುವ ನಿಮಿಷಕ್ಕೆ ಲ್ಯಾಪ್‌ಟಾಪ್ ಮುಂದೆ ಕೂರಬಲ್ಲ ಅಮ್ಮ ಇರುವ ಮನೆಗಳಿಗೆ ಆ ದಾರಿ ಹೆದ್ದಾರಿ. ದೇಶಮಟ್ಟದಲ್ಲೂ ಈ ಪಾಠಗಳಲ್ಲಿ ಕಪ್ಪು ಮತ್ತು ಲ್ಯಾಟಿನೋ ಮಕ್ಕಳ ಪಾಲು ಶಾಲೆಗಳಲ್ಲಿ ಅವರಿರುವ ಪ್ರಮಾಣಕ್ಕಿಂತ ಕಡಿಮೆ.

ನಮ್ಮವರು ಕೊಡುವ ಉತ್ತರಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಮೊದಲನೆಯದು, ಯಾರ ಸೀಟನ್ನೂ ನಾವು ಕಿತ್ತುಕೊಂಡಿಲ್ಲ, ನೋಂದಣಿಯಲ್ಲಿ ಹೈಸ್ಕೂಲಿನವರಿಗೆ ಕೊನೆಯ ಸರದಿ. ಅಕ್ಷರಶಃ ಸರಿ. ಆದರೆ ಕಾಲೇಜಿಗೆ ರಾಜ್ಯದ ಹಣ ಬಹುಪಾಲು ವಿದ್ಯಾರ್ಥಿಗಳ ಲೆಕ್ಕದ ಮೇಲೆ ಬರುತ್ತದೆ, ವಯಸ್ಕ ವಿದ್ಯಾರ್ಥಿಗಳು ಹಿಂದಿಗಿಂತ ಕಡಿಮೆ. ಸಾಕಷ್ಟು ಜನ ಸೇರದ ಸಂಜೆಯ ತರಗತಿ ರದ್ದಾಗುತ್ತದೆ. ಬೇಸಿಗೆಯ ಆನ್‌ಲೈನ್ ತರಗತಿ ಮೊದಲ ವಾರದಲ್ಲೇ ತುಂಬುತ್ತದೆ. ಹಣದ ಚಿಂತೆಯಲ್ಲಿರುವ ಆಡಳಿತಗಾರರು ಮುಂದಿನ ವರ್ಷ ಯಾವುದನ್ನು ಹೆಚ್ಚಿಸುತ್ತಾರೆ, ಊಹಿಸಿ. ಇಲ್ಲಿ ಸೀಟು ಹೋಗುವುದಿಲ್ಲ, ವೇಳಾಪಟ್ಟಿ ಹೋಗುತ್ತದೆ.

ಎರಡನೆಯದು ದುಡ್ಡು. ಕಾಲೇಜಿನ ಖರ್ಚು ಭಯಂಕರ, ಒಂದು ವರ್ಷ ಉಳಿದರೆ ಉಳಿಯಲಿ ಎಂಬ ಮಾತು. ಸಾಲ ಮಾಡಿ ಓದಿಸುವ ಮನೆಯವರು ಇದನ್ನು ಹೇಳಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಆದರೆ ಇದನ್ನು ಗಟ್ಟಿಯಾಗಿ ಹೇಳುವವರ ಮಕ್ಕಳ ಪಟ್ಟಿಯ ತುದಿಯಲ್ಲಿರುವುದು ದುಬಾರಿ ಖಾಸಗಿ ವಿಶ್ವವಿದ್ಯಾಲಯಗಳು. ಹೈಸ್ಕೂಲಿನಲ್ಲಿ ಗಳಿಸಿದ ಈ ಕ್ರೆಡಿಟ್ಟುಗಳನ್ನು ಪದವಿಗೆ ಲೆಕ್ಕ ಹಿಡಿಯದ ಸಂಸ್ಥೆಗಳು ಅವುಗಳಲ್ಲಿ ಹಲವು. ಕ್ರೆಡಿಟ್ ಸಿಗದ ಕಡೆಗೆ ಹೋಗಲು ಕ್ರೆಡಿಟ್ ಕೂಡಿಸುವುದಕ್ಕೆ ಉಳಿತಾಯ ಎನ್ನುವುದಿಲ್ಲ.

ಮೂರನೆಯದು, ಮಗುವಿಗೆ ಶಾಲೆ ಸಾಲದು, ಬೇಸರವಾಗುತ್ತದೆ. ಶಾಲೆಯಲ್ಲಿ ಇರುವುದನ್ನೆಲ್ಲ ಮುಗಿಸಿ ಕಾಲೇಜಿನಲ್ಲಿ ಲೀನಿಯರ್ ಆಲ್ಜಿಬ್ರಾ ಓದಹೊರಟ ಹುಡುಗ ಹುಡುಗಿಯರಿದ್ದಾರೆ, ಅವರಿಗೆ ನನ್ನ ಪೂರ್ಣ ಬೆಂಬಲ. ಬೇಸರವೇ ಕಾರಣವಾದರೆ ಬೋನಸ್ ಅಂಕವಿಲ್ಲದೆಯೂ ಹೋಗುತ್ತಾರಲ್ಲ? ಟೀಚಿಂಗ್ ಅಸಿಸ್ಟೆಂಟ್ ಆಗಿ ನಾನು ಮೊದಲ ವರ್ಷದವರಿಗೆ ಪಾಠ ಮಾಡುತ್ತೇನೆ. ಹೈಸ್ಕೂಲಿನಲ್ಲೇ ಸಮಾಜಶಾಸ್ತ್ರವನ್ನೋ ಇತಿಹಾಸವನ್ನೋ "ಮುಗಿಸಿ" ಬಂದವರು ಪ್ರತಿ ಸಲ ಸಿಗುತ್ತಾರೆ. ಏನು ಓದಿದಿರಿ ಎಂದರೆ ಒಂದು ಪುಸ್ತಕದ ಹೆಸರೂ ನೆನಪಿಗೆ ಬರುವುದಿಲ್ಲ. ಬರುವುದು ಕ್ವಿಜ್‌ಗಳ ಸಂಖ್ಯೆ. ಕಲಿಸಿದವರ ತಪ್ಪೂ ಅಲ್ಲ. ಕಮ್ಯುನಿಟಿ ಕಾಲೇಜುಗಳ ಬೋಧಕರಲ್ಲಿ ಹೆಚ್ಚಿನವರು ಅರೆಕಾಲಿಕರು, ಮೂರು ಕಾಲೇಜುಗಳ ನಡುವೆ ಕಾರು ಓಡಿಸಿ ಜೀವನ ಮಾಡುವವರು.

ಬೆಂಗಳೂರಿನಲ್ಲಿ ಎಂಟನೇ ತರಗತಿಗೇ ಐಐಟಿ ಫೌಂಡೇಶನ್ ಕೋರ್ಸಿಗೆ ಮಕ್ಕಳನ್ನು ಸೇರಿಸುವ ಅಭ್ಯಾಸವನ್ನು ನಾವು ವಿಮಾನದಲ್ಲಿ ಜೊತೆಗೆ ತಂದಿದ್ದೇವೆ ಎನ್ನುವುದು ಸುಲಭದ ವಿವರಣೆ, ಅರ್ಧ ನಿಜ ಕೂಡ. ವ್ಯತ್ಯಾಸವೆಂದರೆ ಅಲ್ಲಿ ಕೋಚಿಂಗಿನ ದುಡ್ಡು ನಮ್ಮ ಜೇಬಿನದು. ಇಲ್ಲಿ ಅದು ಕರ್ನ್ ಕೌಂಟಿಯ ದ್ರಾಕ್ಷಿ ಕೀಳುವವರ ತೆರಿಗೆಯೂ ಹೌದು.

ಮಾಡಬೇಕಾದದ್ದು ಕಷ್ಟದ್ದಲ್ಲ. ಎಬಿ 288ರಂಥ ಒಪ್ಪಂದಗಳ ಹೊರಗೆ ತೆಗೆದುಕೊಂಡ ಕಾಲೇಜು ಪಾಠಕ್ಕೆ ಯುಸಿ ಕ್ರೆಡಿಟ್ ಕೊಡಲಿ, ಆ ಒಂದು ಹೆಚ್ಚುವರಿ ಅಂಕವನ್ನು ತೆಗೆದುಹಾಕಲಿ. ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಪಾಠಗಳು ಸಾಲುಸಾಲಾಗಿರುವ ಶಾಲೆಯ ಮಕ್ಕಳು ಬೇಸಿಗೆಯ ಆರು ವಾರಕ್ಕೆ ಯೂನಿಟ್ಟಿಗೆ 46 ಡಾಲರ್ ಕೊಡಲಿ. ಅವರ ಅಪ್ಪ ಅಮ್ಮ ಅದಕ್ಕಿಂತ ಹೆಚ್ಚನ್ನು ಭರತನಾಟ್ಯದ ಒಂದು ತಿಂಗಳಿಗೆ ಕೊಡುತ್ತಾರೆ. ಆ ಹಣದಲ್ಲಿ ಹಳ್ಳಿಯ ಹೈಸ್ಕೂಲುಗಳಿಗೆ ಕೌನ್ಸೆಲರುಗಳನ್ನು ಕಳಿಸಬಹುದು. ಅಲ್ಲಿ ಕೆಟ್ಟ ಸಲಹೆಯ ಬೆಲೆ ದೊಡ್ಡದು: ಹದಿನೈದನೇ ವಯಸ್ಸಿನಲ್ಲಿ ಬಂದ ಒಂದು ಎಫ್ ಕಾಲೇಜಿನ ಶಾಶ್ವತ ದಾಖಲೆಯಲ್ಲಿ ಉಳಿದು, ಮೂರು ವರ್ಷದ ನಂತರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಅಡ್ಡ ಬರಬಹುದು. ಕ್ಯುಪರ್ಟಿನೋದಲ್ಲಿ ಇದನ್ನು ಮೊದಲೇ ಹೇಳಿಕೊಡಲು ವಾಟ್ಸಾಪ್ ಗುಂಪಿದೆ. ಡೆಲಾನೋದಲ್ಲಿ ಹೇಳಬೇಕಾದವರು ಕಾಲೇಜಿನ ಸಂಬಳದ ನೌಕರರೇ, ಅವರನ್ನು ನೇಮಿಸಬೇಕು.